ಮನೆಯಲ್ಲಿ ಇದ್ದದ್ದರಲ್ಲೇ ರಾತ್ರಿಯೂಟ: ಡಬ್ಬಿ ನೋಡಿ ಅಡುಗೆ ಗೊತ್ತುಮಾಡುವ ಕ್ರಮ

ಫ್ರಿಜ್‌ನಲ್ಲಿ ಅರ್ಧ ಎಲೆಕೋಸು, ಬುಟ್ಟಿಯಲ್ಲಿ ಮೂರು ಆಲೂಗಡ್ಡೆ, ಡಬ್ಬಿಯ ತಳದಲ್ಲಿ ಮುಕ್ಕಾಲು ಕಪ್ ಬೇಳೆ. ಗಂಟೆ ಏಳೂವರೆ. ಇಷ್ಟರಲ್ಲಿ ಮೂವರಿಗೆ ಸಸ್ಯಾಹಾರದ ಊಟ ಧಾರಾಳವಾಗಿ ಆಗುತ್ತದೆ. ಇಂಥ ಹೊತ್ತಿನಲ್ಲಿ ಅಡುಗೆ ಕೆಡುವುದಕ್ಕೆ ಸಾಮಾನಿನ ಕೊರತೆ ಕಾರಣವಾಗುವುದು ಅಪರೂಪ. ಒಲೆ ಹಚ್ಚಿ, ಎಣ್ಣೆ ಕಾಯಿಸಿ, ಆಮೇಲೆ ‘ಏನು ಮಾಡೋಣ’ ಎಂದು ಯೋಚಿಸುವುದರಿಂದಲೇ ಅದು ಹದ ತಪ್ಪುತ್ತದೆ. ಆಗ ಬೇಗ ಬೇಯುವುದು ಮೊದಲು ಬೆಂದು ಮುದ್ದೆಯಾಗುತ್ತದೆ, ತಡವಾಗಿ ಬೇಯುವುದು ಹಸಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಈ ಬರಹದಲ್ಲಿ ಅಡುಗೆಗಳ ಹೆಸರಿಗಿಂತ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಅಳತೆಗಳೆಲ್ಲ ಮೂವರಿಗೆ. ಕಪ್ ಎಂದರೆ 240 ಮಿ.ಲೀ., ದೊಡ್ಡ ಚಮಚ 15 ಮಿ.ಲೀ., ಸಣ್ಣ ಚಮಚ 5 ಮಿ.ಲೀ. ಪುಡಿ ಉಪ್ಪು ಒಂದು ಸಣ್ಣ ಚಮಚ ಎಂದರೆ ಸುಮಾರು 6 ಗ್ರಾಂ. ಕಲ್ಲುಪ್ಪಾದರೆ ಅದೇ ಚಮಚದಲ್ಲಿ ಕಡಿಮೆ ಹಿಡಿಸುತ್ತದೆ, ಹಾಗಾಗಿ ರುಚಿ ನೋಡಿಯೇ ಹಾಕಿ.

ಮೊದಲ ಐದು ನಿಮಿಷ: ಒಲೆಯ ಹತ್ತಿರ ಹೋಗಬೇಡಿ

ಫ್ರಿಜ್ ತೆರೆದು, ಇವತ್ತು ಬಳಸದಿದ್ದರೆ ನಾಳೆ ಎಸೆಯಬೇಕಾದದ್ದು ಯಾವುದು ಎಂದು ಮೊದಲು ನೋಡಿ. ಸೊಪ್ಪು, ಕತ್ತರಿಸಿಟ್ಟ ತರಕಾರಿ, ಮೆತ್ತಗಾಗುತ್ತಿರುವ ಟೊಮೆಟೊ, ತೆರೆದಿಟ್ಟ ಮೊಸರು, ನಿನ್ನೆಯ ಅನ್ನ ಇವೆಲ್ಲ ಮುಂದಿನ ಸಾಲಿಗೆ ಬರುತ್ತವೆ. ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್, ಎಲೆಕೋಸು ಇನ್ನೂ ಕೆಲವು ದಿನ ಕಾಯಬಲ್ಲವು. ಬೇಳೆ, ಅಕ್ಕಿ, ಹಿಟ್ಟುಗಳಿಗೆ ಅವಸರವೇ ಇಲ್ಲ. ಬೇಗ ಕೆಡುವುದನ್ನು ನಡುವೆ ಇಟ್ಟುಕೊಂಡು ಉಳಿದದ್ದನ್ನು ಅದರ ಸುತ್ತ ಜೋಡಿಸುವುದು ಸುಲಭ.

ಇದೇ ಹೊತ್ತಿಗೆ ಎಸೆಯಬೇಕಾದದ್ದನ್ನೂ ಗುರುತಿಸಿಬಿಡಿ. ಆಲೂಗಡ್ಡೆಯಲ್ಲಿ ಸಣ್ಣ ಮೊಳಕೆ ಬಂದಿದ್ದು ಗೆಡ್ಡೆ ಗಟ್ಟಿಯಾಗಿದ್ದರೆ ಮೊಳಕೆಯನ್ನು ಬುಡಸಮೇತ ಆಳವಾಗಿ ಕೆತ್ತಿ ಬಳಸಬಹುದು. ಸಿಪ್ಪೆಯ ಕೆಳಗೆ ಹಸಿರು ಹರಡಿದ್ದರೆ ಅಥವಾ ರುಚಿ ಕಹಿಯಾಗಿದ್ದರೆ ಬಿಸಾಡಿ. ಆ ಹಸಿರಿನ ಜೊತೆ ಸೊಲನಿನ್ ಎಂಬ ವಿಷಾಂಶ ಹೆಚ್ಚಿರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಬ್ರೆಡ್‌ನ ಒಂದು ತುಂಡಿನಲ್ಲಿ ಬೂಷ್ಟು ಕಂಡರೆ ಆ ಮೂಲೆ ಮುರಿದು ಉಳಿದದ್ದನ್ನು ತಿನ್ನುವುದು ತಪ್ಪು. ಬ್ರೆಡ್ ಮೆತ್ತಗಿರುವುದರಿಂದ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದೆ ಒಳಗೆಲ್ಲ ಹರಡಿರುತ್ತವೆ. ಸೊಪ್ಪು ಬಾಡಿದ್ದರೆ ಚಿಂತೆಯಿಲ್ಲ, ತಣ್ಣೀರಿನಲ್ಲಿ 15 ನಿಮಿಷ ಮುಳುಗಿಸಿಟ್ಟರೆ ಬಹುಪಾಲು ಚೇತರಿಸಿಕೊಳ್ಳುತ್ತದೆ. ಲೋಳೆ ಬಂದಿದ್ದರೆ ಮಾತ್ರ ಆಸೆ ಬಿಡಿ.

ಸಿದ್ಧ ಪೊಟ್ಟಣಗಳನ್ನು ನೆಚ್ಚಿಕೊಂಡಿದ್ದರೆ ಲೇಬಲ್ ಓದಿ. ಕೆಲವು ಸೂಪ್ ಬಿಲ್ಲೆಗಳಲ್ಲಿ ಮಾಂಸದ ಸಾರ, ಕೆಲವು ಸಾಸ್ ಮತ್ತು ಮಸಾಲೆ ಪೇಸ್ಟ್‌ಗಳಲ್ಲಿ ಮೀನು ಅಥವಾ ಸಿಗಡಿ, ಕೆಲವು ಗಟ್ಟಿ ಚೀಸ್‌ಗಳಲ್ಲಿ ಹಾಲನ್ನು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ.

ಮೂರು ಆರಿಸಿ, ಎರಡು ಸೇರಿಸಿ

ಊಟಕ್ಕೆ ಮೂರು ಬೇಕು: ಹೊಟ್ಟೆ ತುಂಬಿಸುವ ಒಂದು ಧಾನ್ಯ ಅಥವಾ ಗೆಡ್ಡೆ, ಪ್ರೋಟೀನ್ ಕೊಡುವ ಒಂದು ಪದಾರ್ಥ, ಒಂದು ತರಕಾರಿ. ಇವುಗಳ ಮೇಲೆ ಒಂದು ಹುಳಿ, ಒಂದು ಗರಿಗರಿ. ಕೊನೆಯ ಎರಡನ್ನು ಬಹಳ ಜನ ಮರೆಯುತ್ತಾರೆ. ಇದ್ದದ್ದರಲ್ಲಿ ಮಾಡಿದ ಊಟ ಸಪ್ಪೆ ಎನಿಸುವುದಕ್ಕೆ ಹೆಚ್ಚಾಗಿ ಅವೇ ಇಲ್ಲದಿರುವುದು ಕಾರಣ, ಮಸಾಲೆಯ ಡಬ್ಬಿ ಖಾಲಿಯಾದದ್ದು ಅಷ್ಟಾಗಿ ಅಲ್ಲ.

ಒಬ್ಬರಿಗೆ 60ರಿಂದ 70 ಗ್ರಾಂ ಹಸಿ ಅಕ್ಕಿ ಸಾಕಾಗುತ್ತದೆ. ಒಂದು ಕಪ್ ಅಕ್ಕಿ ಸುಮಾರು 190 ಗ್ರಾಂ ತೂಗುತ್ತದೆ, ಬೆಂದರೆ ಮೂರು ಕಪ್ ಅನ್ನವಾಗುತ್ತದೆ. ಬೇಳೆ ಒಬ್ಬರಿಗೆ 50 ಗ್ರಾಂ ಲೆಕ್ಕ ಹಾಕಿ, ಅದರಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇರುತ್ತದೆ. ತರಕಾರಿ ಒಬ್ಬರಿಗೆ 150 ಗ್ರಾಂ ಇದ್ದರೆ ಚೆನ್ನ. ಪ್ರೋಟೀನಿನ ಘಟಕಗಳಲ್ಲಿ, ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಕಾಳುಗಳಲ್ಲಿ ಹೆಚ್ಚು, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯದಲ್ಲಿ ಸಿಗುತ್ತದೆ. ಎರಡೂ ಒಂದೇ ತಟ್ಟೆಯಲ್ಲಿ ಇರಲೇಬೇಕು ಎಂದೇನಿಲ್ಲ, ದಿನದ ಊಟಗಳಲ್ಲಿ ಎಲ್ಲಾದರೂ ಬಂದರಾಯಿತು.

ಪ್ರೋಟೀನ್ ಆರಿಸುವಾಗ ರುಚಿಗಿಂತ ಗಡಿಯಾರ ಮುಖ್ಯ. ಮಸೂರ್ ಬೇಳೆ ನೆನೆಸದೆಯೇ ತೆರೆದ ಪಾತ್ರೆಯಲ್ಲಿ 15–20 ನಿಮಿಷದಲ್ಲಿ ಬೇಯುತ್ತದೆ, ಹೆಸರುಬೇಳೆಗೆ 20–25 ನಿಮಿಷ ಬೇಕು. ತೊಗರಿಬೇಳೆ, ಕಡಲೆಬೇಳೆಗಳನ್ನು ತೆರೆದ ಪಾತ್ರೆಯಲ್ಲಿ ಬೇಯಿಸಹೊರಟರೆ ಮುಕ್ಕಾಲು ಗಂಟೆ ಹಿಡಿದೀತು, ಅವಕ್ಕೆ ಕುಕ್ಕರ್ ಬೇಕು. ಪನೀರ್, ತೋಫು, ಕಡಲೆಹಿಟ್ಟು, ಮೊಸರು, ಶೇಂಗಾ, ಡಬ್ಬಿಯ ಬೆಂದ ಕಾಳು ಇವುಗಳಿಗೆ ಕಾಯುವ ಕೆಲಸವೇ ಇಲ್ಲ. ಡಬ್ಬಿಯ ಕಾಳನ್ನು ಜರಡಿಯಲ್ಲಿ ತೊಳೆದುಕೊಳ್ಳಿ, ಅದರ ನೀರಿನಲ್ಲಿ ಉಪ್ಪು ಜಾಸ್ತಿ.

ನೆನೆಸದ ಕಾಬೂಲ್ ಕಡಲೆಯನ್ನು ಈ ರಾತ್ರಿಗೆ ಆರಿಸಬೇಡಿ. ತೀರ ಬೇಕೆಂದರೆ ನೀರಿನಲ್ಲಿ ಎರಡು ನಿಮಿಷ ಕುದಿಸಿ, ಒಲೆ ಆರಿಸಿ, ಒಂದು ಗಂಟೆ ಮುಚ್ಚಿಟ್ಟು, ಆಮೇಲೆ ಕುಕ್ಕರಿಗೆ ಹಾಕಬೇಕು. ಅಷ್ಟರಲ್ಲಿ ಮಲಗುವ ಹೊತ್ತಾಗಿರುತ್ತದೆ. ರಾಜ್ಮಾ ವಿಷಯ ಇನ್ನೂ ಗಂಭೀರ. ಹಸಿ ಅಥವಾ ಅರೆಬೆಂದ ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ಪ್ರೋಟೀನ್ ಇರುತ್ತದೆ, ಕೆಲವೇ ಕಾಳು ತಿಂದರೂ ವಾಂತಿ ಭೇದಿ ಶುರುವಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿದರೆ ಅದು ನಾಶವಾಗುತ್ತದೆ. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಡುವ ಸ್ಲೋ ಕುಕ್ಕರಿನಲ್ಲಿ ಕುದಿಯುವಷ್ಟು ಬಿಸಿ ಬಾರದೆ ಇರಬಹುದು, ಅದರಲ್ಲಿ ನೇರವಾಗಿ ರಾಜ್ಮಾ ಬೇಯಿಸಲೇಬಾರದು.

ತಡವಾಗಿ ಬೇಯುವುದು ಮೊದಲು ಒಲೆಗೆ

ಆರಿಸಿದ ಮೂರರಲ್ಲಿ ಯಾವುದಕ್ಕೆ ಹೆಚ್ಚು ಹೊತ್ತು ಬೇಕೋ ಅದನ್ನು ಈಗಲೇ ಒಲೆಗೆ ಏರಿಸಿ. ಅದು ಬೇಯುತ್ತಿರುವಾಗ ಉಳಿದದ್ದನ್ನು ಹೆಚ್ಚಿಕೊಳ್ಳಿ. ಎಲ್ಲವನ್ನೂ ಹೆಚ್ಚಿ ತಟ್ಟೆಗಳಲ್ಲಿ ಜೋಡಿಸಿ ಆಮೇಲೆ ಒಲೆ ಹಚ್ಚುವುದು ನೋಡಲು ಚಂದ, ಆದರೆ ಇಪ್ಪತ್ತು ನಿಮಿಷ ದಂಡ.

ಬೇಳೆ ಬೇಯಿಸುವಾಗ ಟೊಮೆಟೊ, ಹುಣಸೆ, ನಿಂಬೆ ಯಾವುದನ್ನೂ ಮೊದಲೇ ಹಾಕಬೇಡಿ. ಕಾಳಿನ ಮತ್ತು ತರಕಾರಿಯ ಕೋಶಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಹುಳಿ ಇದ್ದಾಗ ಅದು ಕರಗುವುದು ನಿಧಾನ. ಹುಳಿಯ ಜೊತೆ ಬೇಯಿಸಿದ ಆಲೂಗಡ್ಡೆ ಅರ್ಧ ಗಂಟೆ ಕುದಿದರೂ ಒಳಗೆ ಕರಕರ ಎನ್ನುವುದು ಇದೇ ಕಾರಣಕ್ಕೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕೂಡ ಇದೇ ಕೆಲಸ ಮಾಡುತ್ತದೆ. ನಿಮ್ಮ ನೀರು ಗಡಸಾಗಿದ್ದು ಬೇಳೆ ಸದಾ ತಡಮಾಡುತ್ತಿದ್ದರೆ ಒಂದು ಲೀಟರಿಗೆ ಕಾಲು ಸಣ್ಣ ಚಮಚ ಅಡುಗೆ ಸೋಡಾ ಸಾಕು. ಅದಕ್ಕಿಂತ ಹೆಚ್ಚಾದರೆ ಬೇಳೆ ಅಂಟಂಟಾಗಿ, ಬಾಯಲ್ಲಿ ಸಾಬೂನಿನ ರುಚಿ ಬರುತ್ತದೆ.

ಕುಕ್ಕರಿನಲ್ಲಿ ಬೇಳೆ ಹಾಕಿದಾಗ ನೀರೂ ಸೇರಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ನೊರೆ ಮೇಲೇರಿ ಆವಿಯ ಕಿಂಡಿಯನ್ನು ಮುಚ್ಚಿಬಿಡಬಹುದು. ಒಂದು ಸಣ್ಣ ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ.

ತರಕಾರಿಗಳನ್ನು ಬೇಯುವ ಹೊತ್ತಿನ ಪ್ರಕಾರ ಗುಂಪು ಮಾಡಿಕೊಳ್ಳಿ. ಕುದಿಯುವ ನೀರಿನಲ್ಲಿ ಎರಡು ಸೆಂ.ಮೀ. ಆಲೂಗಡ್ಡೆ ಹೋಳಿಗೆ 10–12 ನಿಮಿಷ, ಒಂದು ಸೆಂ.ಮೀ. ಕ್ಯಾರೆಟ್ ಹೋಳಿಗೆ 8–10, ಹೂಕೋಸಿಗೆ 6–8, ಬೀನ್ಸ್‌ಗೆ 5–7, ಎಲೆಕೋಸಿಗೆ 4–5, ಸೊಪ್ಪಿಗೆ ಒಂದೆರಡು ನಿಮಿಷ. ಎಲ್ಲವನ್ನೂ ಒಟ್ಟಿಗೆ ಹಾಕಲೇಬೇಕಾದ ಪರಿಸ್ಥಿತಿಯಿದ್ದರೆ ಗಾತ್ರ ಬದಲಿಸಿ: ಆಲೂಗಡ್ಡೆ ಚಿಕ್ಕದಾಗಲಿ, ಹೂಕೋಸು ದೊಡ್ಡದಾಗಲಿ. ಫ್ರೀಜರ್‌ನ ಬಟಾಣಿಯನ್ನು ಕರಗಿಸುವುದು ಬೇಡ, ನೇರವಾಗಿ ಕೊನೆಯ ಮೂರು ನಿಮಿಷಕ್ಕೆ ಹಾಕಿ.

ರುಚಿಯ ತಳಪಾಯ

ಸಾಮಾನು ಎಷ್ಟೇ ಕಡಿಮೆಯಿರಲಿ, ಈ ಹಂತದಲ್ಲಿ ಅವಸರ ಮಾಡದಿದ್ದರೆ ಊಟ ಗೆಲ್ಲುತ್ತದೆ. ಎರಡು ದೊಡ್ಡ ಚಮಚ ಎಣ್ಣೆ, ಎರಡು ಮಧ್ಯಮ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಇದ್ದರೆ ಒಂದು ಸಣ್ಣ ತುಂಡು ಶುಂಠಿ, ಒಂದೂವರೆ ಸಣ್ಣ ಚಮಚ ಯಾವುದಾದರೂ ಮಸಾಲೆ ಪುಡಿ, ಎರಡು ಟೊಮೆಟೊ. ಹಾಕುವ ಕ್ರಮ ಮುಖ್ಯ.

ಜೀರಿಗೆ, ಸಾಸಿವೆಯಂಥ ಇಡೀ ಕಾಳುಗಳು ಬಿಸಿ ಎಣ್ಣೆಗೆ ಮೊದಲು ಬೀಳಬೇಕು. ಅವುಗಳ ಪರಿಮಳ ಎಣ್ಣೆಯಲ್ಲಿ ಕರಗುವಂಥದ್ದು, ನೀರಿಗೆ ಹಾಕಿದರೆ ಒಳಗೇ ಉಳಿಯುತ್ತದೆ. ಒಂದೆರಡು ಕಾಳು ಹಾಕಿ ನೋಡಿ: ತಕ್ಷಣ ಸುತ್ತ ಗುಳ್ಳೆ ಬಂದರೆ ಎಣ್ಣೆ ಕಾದಿದೆ, ಹೊಗೆ ಬಂದರೆ ಹೆಚ್ಚು ಕಾದಿದೆ. ಸಾಸಿವೆ ಸಿಡಿಯುವುದು ನಿಂತ ಕೂಡಲೇ ಈರುಳ್ಳಿ ಹಾಕಿ, ಅದರ ತೇವ ಎಣ್ಣೆಯ ಬಿಸಿಯನ್ನು ಇಳಿಸುತ್ತದೆ.

ಈರುಳ್ಳಿಗೆ ಒಂದು ಚಿಟಿಕೆ ಉಪ್ಪು ಹಾಕಿದರೆ ನೀರು ಬೇಗ ಬಿಟ್ಟುಕೊಂಡು ಬಾಡುತ್ತದೆ. ಮಧ್ಯಮ ಉರಿಯಲ್ಲಿ 5–6 ನಿಮಿಷಕ್ಕೆ ಮೆತ್ತಗೆ, 10–12 ನಿಮಿಷಕ್ಕೆ ಹೊಂಬಣ್ಣ, 20–25 ನಿಮಿಷಕ್ಕೆ ಗಾಢ ಕಂದು. ಐದೇ ನಿಮಿಷದಲ್ಲಿ ಕಂದಾಗಿಸಲು ದೊಡ್ಡ ಉರಿ ಇಟ್ಟರೆ ಅಂಚು ಕರಿಕಾಗಿ ನಡು ಹಸಿಯಾಗಿ ಉಳಿಯುತ್ತದೆ. ಊಟದಲ್ಲಿ ಬೇರೆ ರುಚಿ ಕಡಿಮೆಯಿದ್ದಷ್ಟೂ ಈರುಳ್ಳಿಯನ್ನು ಹೆಚ್ಚು ಹೊತ್ತು ಹುರಿಯಬೇಕು. ಬರೀ ಬೇಳೆ, ಅನ್ನ ಇರುವ ರಾತ್ರಿ ಗಾಢ ಕಂದಿನವರೆಗೆ ಹೋಗಿ. ತರಕಾರಿ ಧಾರಾಳವಾಗಿದ್ದರೆ ಹೊಂಬಣ್ಣ ಸಾಕು. ತಳಕ್ಕೆ ಕಂದು ಪೊರೆ ಅಂಟುತ್ತಿದ್ದರೆ ಒಂದು ದೊಡ್ಡ ಚಮಚ ನೀರು ಚಿಮುಕಿಸಿ ಕೆರೆದು ಸೇರಿಸಿ, ರುಚಿಯೆಲ್ಲ ಆ ಪೊರೆಯಲ್ಲೇ ಇದೆ. ಅದು ಕಪ್ಪಾಗಲು ಬಿಟ್ಟರೆ ಮಾತ್ರ ಕಹಿ.

ಬೆಳ್ಳುಳ್ಳಿ ಈರುಳ್ಳಿಯ ಜೊತೆಗೆ ಬೇಡ. ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ ಒಂದು ನಿಮಿಷದಲ್ಲಿ ಹದಕ್ಕೆ ಬಂದು ಇನ್ನೊಂದು ನಿಮಿಷದಲ್ಲಿ ಸೀಯುತ್ತದೆ, ಆದ್ದರಿಂದ ಈರುಳ್ಳಿ ಹದವಾದ ಮೇಲೆ ಹಾಕಿ. ಅದರ ಬೆನ್ನಿಗೆ ಪುಡಿಗಳು. ಅರಿಸಿನ, ಧನಿಯಾ, ಖಾರದ ಪುಡಿಗಳಿಗೆ ಎಣ್ಣೆಯಲ್ಲಿ 20–30 ಸೆಕೆಂಡು ಸಾಕು, ಉರಿ ಸಣ್ಣದಿರಲಿ. ಬಾಣಲೆ ಒಣಗಿದ್ದರೆ ಪುಡಿಗಳನ್ನು ಎರಡು ಚಮಚ ನೀರಿನಲ್ಲಿ ಕಲಸಿ ಹಾಕಿ, ಸೀಯುವ ಭಯವಿಲ್ಲ. ಕೊನೆಗೆ ಟೊಮೆಟೊ. ಅದು ಕರಗಿ, ನೀರಿಂಗಿ, ಅಂಚಿನಲ್ಲಿ ಎಣ್ಣೆ ಕಾಣಿಸಿಕೊಳ್ಳುವವರೆಗೆ 6–8 ನಿಮಿಷ. ಎಣ್ಣೆ ಬೇರೆಯಾಗುವುದು ನೀರು ಆವಿಯಾಗಿದೆ ಎಂಬುದರ ಗುರುತು. ಅದಕ್ಕೆ ಮೊದಲೇ ನೀರು ಹಾಕಿದರೆ ಊಟದ ಕೊನೆಯವರೆಗೂ ಹಸಿ ವಾಸನೆ ಬಿಡುವುದಿಲ್ಲ.

ಈರುಳ್ಳಿ ಇಲ್ಲವೇ? ಒಂದು ಚಿಟಿಕೆ ಇಂಗನ್ನು ಎಣ್ಣೆಗೆ ಹಾಕಿ, ಸಣ್ಣಗೆ ಹೆಚ್ಚಿದ ಎಲೆಕೋಸನ್ನು ಅಂಚು ಕಂದಾಗುವವರೆಗೆ ಹುರಿಯಿರಿ. ಟೊಮೆಟೊ ಇಲ್ಲದಿದ್ದರೆ ಅಡಿಕೆಗಾತ್ರದ ಹುಣಸೆಯನ್ನು ಬಿಸಿನೀರಿನಲ್ಲಿ ಕಿವುಚಿ ಸೇರಿಸಬಹುದು, ಅಥವಾ ಕೊನೆಗೆ ನಿಂಬೆ ಹಿಂಡಬಹುದು. ಆದರೆ ಟೊಮೆಟೊ ಹುಳಿಯ ಜೊತೆ ಸ್ವಲ್ಪ ಸಿಹಿ, ಸ್ವಲ್ಪ ದಪ್ಪವನ್ನೂ ಕೊಡುತ್ತದೆ. ಅದಕ್ಕಾಗಿ ಅರ್ಧ ಚಮಚ ಸಕ್ಕರೆ ಮತ್ತು ಒಂದು ಬೆಂದ ಆಲೂಗಡ್ಡೆಯನ್ನು ಹಿಸುಕಿ ಹಾಕಿ. ಇಲ್ಲದ ಪದಾರ್ಥದ ಹೆಸರು ಹುಡುಕುವ ಬದಲು ಅದು ಆ ಅಡುಗೆಯಲ್ಲಿ ಮಾಡುತ್ತಿದ್ದ ಕೆಲಸ ಯಾವುದು ಎಂದು ಕೇಳಿಕೊಂಡರೆ ಬದಲಿ ತಾನಾಗಿ ಹೊಳೆಯುತ್ತದೆ. ಕ್ರೀಮ್‌ನ ಕೆಲಸ ಜಿಡ್ಡು ಮತ್ತು ದಪ್ಪ. ಕಾಲು ಕಪ್ ಹುರಿದ ಶೇಂಗಾ ಪುಡಿ ಒಂದು ಲೀಟರ್ ಸೂಪಿಗೆ ಎರಡನ್ನೂ ಕೊಡುತ್ತದೆ. ಅಣಬೆ, ಸೋಯಾ ಸಾಸ್, ಹಳೆಯ ಚೀಸ್ ಇವುಗಳ ಕೆಲಸ ನಾಲಿಗೆಯಲ್ಲಿ ನಿಲ್ಲುವ ಗಾಢ ರುಚಿ. ಅದನ್ನು ಚೆನ್ನಾಗಿ ಹುರಿದ ಈರುಳ್ಳಿ, ಇಂಗಿಸಿದ ಟೊಮೆಟೊ ಬಹುಮಟ್ಟಿಗೆ ತುಂಬಬಲ್ಲವು.

ನಾಲ್ಕು ಅಚ್ಚುಗಳು

ಇಷ್ಟು ಗೊತ್ತಿದ್ದರೆ ಕೆಳಗಿನ ನಾಲ್ಕು ಬಗೆಗಳಲ್ಲಿ ಯಾವುದಾದರೂ ಒಂದು ನಿಮ್ಮ ಡಬ್ಬಿಗೆ ಹೊಂದುತ್ತದೆ. ಇವನ್ನು ಅಚ್ಚು ಎಂದೇ ನೋಡಿ, ಒಳಗೆ ಸುರಿಯುವುದು ನಿಮ್ಮಲ್ಲಿ ಇರುವುದು.

ಒಂದು, ಅಕ್ಕಿ ಬೇಳೆ ಒಂದೇ ಪಾತ್ರೆಯಲ್ಲಿ. ಮುಕ್ಕಾಲು ಕಪ್ ಅಕ್ಕಿ, ಅರ್ಧ ಕಪ್ ಹೆಸರು ಅಥವಾ ಮಸೂರ್ ಬೇಳೆ, ಎರಡು ಕಪ್ ತರಕಾರಿ, ಐದು ಕಪ್ ನೀರು, ಕಾಲು ಚಮಚ ಅರಿಸಿನ, ಒಂದೂವರೆ ಸಣ್ಣ ಚಮಚ ಉಪ್ಪು. ಕುಕ್ಕರಿನಲ್ಲಿ ಮಧ್ಯಮ ಉರಿಯಲ್ಲಿ ಮೂರು ಕೂಗು, ಆವಿ ತಾನಾಗಿ ಇಳಿಯಲಿ. ತೆರೆದ ಪಾತ್ರೆಯಲ್ಲಾದರೆ ಆರು ಕಪ್ ನೀರು, 30 ನಿಮಿಷ, ಕೊನೆಯ ಹತ್ತು ನಿಮಿಷ ಆಗಾಗ ಕೈಯಾಡಿಸಬೇಕು. ಈರುಳ್ಳಿ ಟೊಮೆಟೊ ತಳಪಾಯವನ್ನು ಬೇರೆ ಬಾಣಲೆಯಲ್ಲಿ ಮಾಡಿ ಬೆಂದ ಮೇಲೆ ಬೆರೆಸಿದರೆ ಹುಳಿ ಬೇಳೆಗೆ ಅಡ್ಡಿಯಾಗುವುದಿಲ್ಲ, ಮಸಾಲೆಯ ಪರಿಮಳವೂ ಉಳಿಯುತ್ತದೆ. ಇದು ಆರುತ್ತಾ ಹೋದಂತೆ ಗಟ್ಟಿಯಾಗುತ್ತದೆ, ಹಾಗಾಗಿ ಬೇಕಾದ ಹದಕ್ಕಿಂತ ತುಸು ಸಡಿಲವಿರುವಾಗಲೇ ಒಲೆಯಿಂದ ಇಳಿಸಿ.

ಎರಡು, ನಿನ್ನೆಯ ಅನ್ನವನ್ನು ಹುರಿಯುವುದು. ಮೂರು ಕಪ್ ಅನ್ನಕ್ಕೆ ಒಂದೂವರೆ ಕಪ್ ಸಣ್ಣಗೆ ಹೆಚ್ಚಿದ ತರಕಾರಿ. ತಣ್ಣಗಾದ ಅನ್ನದಲ್ಲಿ ಪಿಷ್ಟ ಮತ್ತೆ ಗಟ್ಟಿಯಾಗಿ, ಮೇಲ್ಮೈ ಒಣಗಿ, ಅಗುಳು ಉದುರುದುರಾಗಿ ಹುರಿಯಲು ಒದಗುತ್ತದೆ. ಬಿಸಿ ಅನ್ನವೇ ಇದ್ದರೆ ಅಗಲ ತಟ್ಟೆಯಲ್ಲಿ ಹರಡಿ 15 ನಿಮಿಷ ಆರಿಸಿ. ಬಾಣಲೆ ಅಗಲವಿರಲಿ, ಉರಿ ದೊಡ್ಡದಿರಲಿ, ತರಕಾರಿ ಒಮ್ಮೆಗೆ ತಳ ತುಂಬುವಷ್ಟು ಮಾತ್ರ. ರಾಶಿ ಹಾಕಿದರೆ ಅದು ತನ್ನ ನೀರಿನಲ್ಲೇ ಬೆಂದು ಸಪ್ಪೆಯಾಗುತ್ತದೆ. ತರಕಾರಿ ತೆಗೆದಿಟ್ಟು, ಅದೇ ಎಣ್ಣೆಯಲ್ಲಿ ಪನೀರ್ ಅಥವಾ ತೋಫು ತುಂಡುಗಳನ್ನು ಎರಡು ಬದಿ ಕಂದಾಗಿಸಿ, ಅನ್ನ ಹಾಕಿ ಒಂದು ನಿಮಿಷ ಅಲುಗಾಡಿಸದೆ ಬಿಟ್ಟು, ಆಮೇಲೆ ಮಗುಚಿ ಎಲ್ಲವನ್ನೂ ಸೇರಿಸಿ. ಉಪ್ಪು ಅಥವಾ ಸೋಯಾ ಸಾಸ್ ಕೊನೆಗೆ. ತೋಫುವನ್ನು ಬಟ್ಟೆಯಲ್ಲಿ ಒತ್ತಿ ನೀರು ತೆಗೆಯದಿದ್ದರೆ ಅದು ಕಂದಾಗುವುದೇ ಇಲ್ಲ.

ಮೂರು, ಕಡಲೆಹಿಟ್ಟಿನ ದಪ್ಪ ದೋಸೆ. ಮನೆಯಲ್ಲಿ ಏನೂ ಇಲ್ಲ ಎನ್ನುವ ರಾತ್ರಿಗೆ ಇದಕ್ಕಿಂತ ನಂಬಿಕಸ್ತ ಅಡುಗೆ ಇಲ್ಲ: ಪ್ರೋಟೀನ್ ಹಿಟ್ಟಿನಲ್ಲೇ ಇದೆ, ಕ್ಯಾರೆಟ್, ಎಲೆಕೋಸು, ಸೊಪ್ಪು ಯಾವುದನ್ನು ತುರಿದು ಹಾಕಿದರೂ ನಡೆಯುತ್ತದೆ. ಒಂದೂವರೆ ಕಪ್ ಹಿಟ್ಟಿಗೆ ಸುಮಾರು ಒಂದು ಕಪ್ ನೀರು. ಮೊದಲು ಅರ್ಧ ಕಪ್ ನೀರು ಹಾಕಿ ಗಟ್ಟಿಯಾಗಿ ಕಲಸಿ ಗಂಟು ಒಡೆಯಿರಿ, ಉಳಿದ ನೀರನ್ನು ಆಮೇಲೆ ಸೇರಿಸಿ. ಒಟ್ಟಿಗೆ ಸುರಿದರೆ ಗಂಟುಗಳು ತೇಲಿಕೊಂಡೇ ಇರುತ್ತವೆ. ಹತ್ತು ನಿಮಿಷ ನೆನೆಯಲಿ. ಮುಕ್ಕಾಲು ಸಣ್ಣ ಚಮಚ ಉಪ್ಪು ಮತ್ತು ಒಂದೂವರೆ ಕಪ್ ತುರಿದ ತರಕಾರಿಯನ್ನು ಹುಯ್ಯುವ ಸ್ವಲ್ಪ ಮೊದಲು ಬೆರೆಸಿ. ಮೊದಲೇ ಬೆರೆಸಿದರೆ ಉಪ್ಪು ತರಕಾರಿಯ ನೀರನ್ನು ಹೊರಗೆಳೆದು ಹಿಟ್ಟು ತೆಳ್ಳಗಾಗುತ್ತದೆ. ಕಾವಲಿ ಮಧ್ಯಮ ಬಿಸಿಯಿರಬೇಕು. ಅರ್ಧ ಸೆಂ.ಮೀ. ದಪ್ಪಕ್ಕೆ ಹರಡಿ, ಅಂಚಿಗೆ ಎಣ್ಣೆ ಬಿಟ್ಟು, ಮುಚ್ಚಿ ಮೂರು ನಿಮಿಷ; ಮಗುಚಿ, ಮುಚ್ಚದೆ ಇನ್ನೂ ಎರಡು ಮೂರು ನಿಮಿಷ. ಅಂಗೈಯಗಲದ ಆರು ಬರುತ್ತವೆ. ಮಗುಚುವಾಗ ಹರಿದರೆ ಕಾವಲಿ ಸಾಕಷ್ಟು ಕಾದಿರಲಿಲ್ಲ ಅಥವಾ ತಳ ಇನ್ನೂ ಗಟ್ಟಿಯಾಗಿಲ್ಲ, ಒಂದು ನಿಮಿಷ ತಾಳಿ. ಹೊರಗೆ ಕಂದು, ಒಳಗೆ ಹಸಿ ಹಿಟ್ಟಿನ ಕಹಿ ಇದ್ದರೆ ಉರಿ ಹೆಚ್ಚಾಗಿತ್ತು. ಈ ಕಹಿಯನ್ನು ಚಟ್ನಿ, ಸಾಸ್ ಯಾವುದೂ ಮರೆಮಾಡಲಾರದು, ಆದ್ದರಿಂದ ಮೊದಲನೆಯದನ್ನು ನಡುವೆ ಮುರಿದು ನೋಡಿಯೇ ಎರಡನೆಯದನ್ನು ಹುಯ್ಯಿರಿ.

ನಾಲ್ಕು, ಮೊಸರಿನ ಬಿಸಿ ಗೊಜ್ಜು. ಹುಳಿ ಬಂದ ಮೊಸರು ಉಳಿದಿದ್ದರೆ ಇದಕ್ಕೇ ಮೀಸಲು. ಒಂದೂವರೆ ಕಪ್ ಮೊಸರು, ಒಂದೂವರೆ ದೊಡ್ಡ ಚಮಚ ಕಡಲೆಹಿಟ್ಟು, ಎರಡು ಕಪ್ ನೀರು, ಇವನ್ನು ಒಲೆಗಿಡುವ ಮೊದಲೇ ಗಂಟಿಲ್ಲದಂತೆ ಕಡೆಯಿರಿ. ಸಣ್ಣ ಉರಿಯಲ್ಲಿ ಮೊದಲ ಕುದಿ ಬರುವವರೆಗೆ ಕೈಬಿಡದೆ ತಿರುವಬೇಕು. ಹಿಟ್ಟಿನ ಪಿಷ್ಟ ಉಬ್ಬಿ ಹಾಲಿನ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಒಡೆಯದಂತೆ ತಡೆಯುತ್ತದೆ. ಹಿಟ್ಟಿಲ್ಲದ ಮೊಸರನ್ನು ಫ್ರಿಜ್‌ನಿಂದ ತೆಗೆದು ಕುದಿಯುವ ಬಾಣಲೆಗೆ ಸುರಿದರೆ ಒಡೆದ ಹಾಲಿನಂತೆ ಕಾಳುಕಾಳಾಗುವುದು ಖಚಿತ. ಕುದಿ ಬಂದ ಮೇಲೆ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬಿಡಿ, ಬೇರೆಯಾಗಿ ಬೇಯಿಸಿದ ತರಕಾರಿ ಸೇರಿಸಿ, ಉಪ್ಪು ಕೊನೆಗೆ ಹಾಕಿ, ಮೇಲೆ ಒಗ್ಗರಣೆ ಕೊಡಿ. ಕಡಲೆಹಿಟ್ಟು ಇಲ್ಲದಿದ್ದರೆ ಒಂದು ದೊಡ್ಡ ಚಮಚ ಮೆಕ್ಕೆಜೋಳದ ಪಿಷ್ಟವೂ (ಕಾರ್ನ್‌ಫ್ಲೋರ್) ಆಗುತ್ತದೆ.

ಪಾಸ್ತಾ ಇದ್ದರೆ ಅದಕ್ಕೂ ಮೇಲಿನ ತಳಪಾಯವೇ ಸಾಕು. ಒಬ್ಬರಿಗೆ 80–100 ಗ್ರಾಂ, ಪ್ರತಿ ಲೀಟರ್ ನೀರಿಗೆ 10 ಗ್ರಾಂ ಉಪ್ಪು. ಬಸಿಯುವ ಮೊದಲು ಅರ್ಧ ಕಪ್ ನೀರು ತೆಗೆದಿಟ್ಟುಕೊಳ್ಳಿ, ಅದರ ಪಿಷ್ಟ ಎಣ್ಣೆ ಮತ್ತು ಟೊಮೆಟೊವನ್ನು ಕೂಡಿಸುತ್ತದೆ.

ಶುರುವಿನಲ್ಲಿ ಹೇಳಿದ ಎಲೆಕೋಸು, ಆಲೂಗಡ್ಡೆ, ಬೇಳೆಯ ಲೆಕ್ಕ ಹೀಗೆ: ಬೇಳೆ ಮಸೂರ್ ಆಗಿದ್ದರೆ 7:35ಕ್ಕೆ ನಾಲ್ಕು ಕಪ್ ನೀರಿನಲ್ಲಿ ಒಲೆಗೆ, ಇನ್ನೊಂದು ಒಲೆಯಲ್ಲಿ ಅನ್ನ. 7:45ಕ್ಕೆ ಆಲೂಗಡ್ಡೆ ಹೋಳು ಬೇಳೆಯೊಳಗೆ. ಅದರ ಪಕ್ಕದಲ್ಲೇ ಎಲೆಕೋಸು, ಈರುಳ್ಳಿ ಹೆಚ್ಚುವುದು. ಅನ್ನ 7:55ರ ಹೊತ್ತಿಗೆ ಇಳಿಯುತ್ತದೆ, ಆ ಒಲೆಯಲ್ಲಿ ತಳಪಾಯ ಶುರುಮಾಡಿ. ಬೇಳೆ ಬೆಂದಿದೆ, ಒಲೆ ಆರಿಸಿ. 8:10ಕ್ಕೆ ತಳಪಾಯಕ್ಕೆ ಎಲೆಕೋಸು ಹಾಕಿ ಐದು ನಿಮಿಷ ಬಾಡಿಸಿ, ಎಲ್ಲವನ್ನೂ ಬೇಳೆಗೆ ಸುರಿದು ಮೂರು ನಿಮಿಷ ಕುದಿಸಿ. ಎಂಟು ಇಪ್ಪತ್ತರ ಸುಮಾರಿಗೆ ತಟ್ಟೆ ಹಾಕಬಹುದು. ಒಂದೇ ಒಲೆಯಿದ್ದರೆ ಮೊದಲನೆಯ ಅಚ್ಚೇ ಲೇಸು.

ಕೊನೆಯ ರುಚಿ, ಕೆಟ್ಟರೆ ರಿಪೇರಿ

ಇಳಿಸುವ ಮೊದಲು ಒಂದು ಚಮಚ ಬಟ್ಟಲಿಗೆ ಹಾಕಿ ಆರಿಸಿ ರುಚಿ ನೋಡಿ, ಕುದಿಯುವ ಬಿಸಿಯಲ್ಲಿ ಉಪ್ಪು ಸರಿಯಾಗಿ ತಿಳಿಯುವುದಿಲ್ಲ. ಸಪ್ಪೆ ಎನಿಸಿದರೆ ಮೊದಲು ಉಪ್ಪು: ಒಂದು ಲೀಟರ್ ದ್ರವದ ಅಡುಗೆಗೆ ಒಟ್ಟು ಒಂದೂವರೆ ಸಣ್ಣ ಚಮಚದ ಆಸುಪಾಸು. ಉಪ್ಪು ಸರಿಯಿದ್ದೂ ಮಂಕಾಗಿದ್ದರೆ ಹುಳಿ ಬೇಕು. ಅರ್ಧ ನಿಂಬೆಯ ರಸ, ಸುಮಾರು ಒಂದು ದೊಡ್ಡ ಚಮಚ, ಒಲೆ ಆರಿಸಿದ ಮೇಲೆಯೇ ಹಾಕಿ. ಕುದಿಸಿದರೆ ಅದರ ಪರಿಮಳ ಹಾರಿಹೋಗುತ್ತದೆ. ಹುಳಿಯೂ ಸರಿಯಿದ್ದು ತೆಳುವೆನಿಸಿದರೆ ಒಂದು ಚಮಚ ತುಪ್ಪ ಅಥವಾ ಎಣ್ಣೆ. ಆಮೇಲೆ ಗರಿಗರಿ: ಹುರಿದ ಶೇಂಗಾ, ಎಣ್ಣೆಯಲ್ಲಿ ಕಂದಾಗಿಸಿದ ಹಳೆ ಬ್ರೆಡ್ ಚೂರು, ಹಸಿ ಈರುಳ್ಳಿ, ಸೌತೆಕಾಯಿ. ಇದನ್ನು ಬಡಿಸುವ ಕ್ಷಣದಲ್ಲಿ ಹಾಕದಿದ್ದರೆ ಮೆತ್ತಗಾಗುತ್ತದೆ.

ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ ತೆಗೆದರೆ ಹೀರಿಕೊಳ್ಳುತ್ತದೆ ಎಂಬ ಮಾತಿದೆ. ಆಲೂಗಡ್ಡೆ ಉಪ್ಪುನೀರನ್ನು ಹೀರುತ್ತದೆಯೇ ಹೊರತು ಉಪ್ಪನ್ನು ಮಾತ್ರ ಆರಿಸಿ ಎಳೆಯುವುದಿಲ್ಲ, ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ಬೆಂದ ಬೇಳೆ, ನೀರು, ಅನ್ನ ಸೇರಿಸಿ ಪ್ರಮಾಣ ಹೆಚ್ಚಿಸುವುದೊಂದೇ ದಾರಿ. ಖಾರ ಹೆಚ್ಚಾದರೆ ನೀರು ಕೆಲಸ ಮಾಡುವುದಿಲ್ಲ. ಖಾರದ ಅಂಶ ಜಿಡ್ಡಿನಲ್ಲಿ ಕರಗುವಂಥದ್ದು, ಜೊತೆಗೆ ಹಾಲಿನ ಕೇಸಿನ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಮೊಸರು, ಹಾಲು, ಶೇಂಗಾ ಪುಡಿ. ಹುಳಿ ಹೆಚ್ಚಾದರೆ ಒಂದು ಸಣ್ಣ ಚಮಚ ಬೆಲ್ಲ ಅಥವಾ ಸಕ್ಕರೆ, ಸಾಲದಿದ್ದರೆ ಒಂದು ಚಿಟಿಕೆ ಸೋಡಾ. ಸೋಡಾ ಹಾಕಿದಾಗ ನೊರೆಯೇಳುತ್ತದೆ, ಗಾಬರಿಯಾಗಬೇಡಿ.

ತಳ ಸೀದರೆ ಸೌಟು ಆಡಿಸಲೇಬೇಡಿ. ತಕ್ಷಣ ಇಳಿಸಿ, ಮೇಲಿನದನ್ನು ಕೆರೆಯದೆ ಬೇರೆ ಪಾತ್ರೆಗೆ ಬಗ್ಗಿಸಿ. ಅಂಟಿಕೊಂಡದ್ದು ಅಲ್ಲೇ ಉಳಿಯಲಿ. ಮೇಲಿನ ಪದರದಲ್ಲಿ ಸೀದ ವಾಸನೆ ಬಂದಿರದಿದ್ದರೆ ಅಡುಗೆ ಉಳಿಯಿತು. ಬಂದಿದ್ದರೆ ಅದನ್ನು ಯಾವ ಮಸಾಲೆಯೂ ಅಳಿಸುವುದಿಲ್ಲ. ತೆಳ್ಳಗಾಗಿದ್ದರೆ ಒಂದು ದೊಡ್ಡ ಚಮಚ ಅಕ್ಕಿಹಿಟ್ಟನ್ನು ಕಾಲು ಕಪ್ ತಣ್ಣೀರಿನಲ್ಲಿ ಕರಗಿಸಿ ಸುರಿದು ಎರಡು ಮೂರು ನಿಮಿಷ ಕುದಿಸಿ. ಒಣಹಿಟ್ಟನ್ನು ಬಿಸಿ ಅಡುಗೆಗೆ ಉದುರಿಸಿದರೆ ಗಂಟು ಗಟ್ಟಿಯಾಗುತ್ತದೆ.

ಉಳಿದದ್ದನ್ನು ಎತ್ತಿಡುವುದು

ಅನ್ನದ ವಿಷಯದಲ್ಲಿ ಸಡಿಲ ಬೇಡ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಿದ್ದರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಹುರಿದು ತಿನ್ನುವ ಯೋಚನೆ ಬಿಡಿ. ಉಳಿಯುವುದು ಖಚಿತವಾದ ಕೂಡಲೇ ಅಗಲ ಪಾತ್ರೆಯಲ್ಲಿ ಹರಡಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನದೊಳಗೆ ಮುಗಿಸಿ, ಒಮ್ಮೆ ಮಾತ್ರ ಹಬೆಯಾಡುವಷ್ಟು ಬಿಸಿ ಮಾಡಿ.

ಬೇಳೆಯ ಅಡುಗೆ ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತದೆ. ತೆಗೆದಾಗ ಗಡ್ಡೆ ಕಟ್ಟಿದಂತಿರುತ್ತದೆ. ಪ್ರತಿ ಕಪ್‌ಗೆ ಕಾಲು ಕಪ್ ಬಿಸಿನೀರು ಸೇರಿಸಿ ಕುದಿಸಿ, ಉಪ್ಪು ಮತ್ತೆ ನೋಡಿ. ಈರುಳ್ಳಿ ಟೊಮೆಟೊ ತಳಪಾಯವನ್ನು ಮಾಡುವಾಗಲೇ ಎರಡರಷ್ಟು ಮಾಡಿ, ನೀರು ಹಾಕುವ ಮೊದಲು ಅರ್ಧ ತೆಗೆದು, ಆರಿದ ಮೇಲೆ ಮುಚ್ಚಳದ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿ. ಡಬ್ಬಿಯ ಮೇಲೆ ತಾರೀಖು ಬರೆಯಿರಿ. ಮುಂದಿನ ಬಾರಿ ಅದನ್ನು ಕರಗಿಸದೆ ನೇರವಾಗಿ ಬಾಣಲೆಗೆ ಹಾಕಿ ಎರಡು ಚಮಚ ನೀರು ಬಿಟ್ಟು ಮುಚ್ಚಿದರೆ ಐದಾರು ನಿಮಿಷದಲ್ಲಿ ಬಳಕೆಗೆ ಸಿದ್ಧ.